ನಾಲ್ಕೂ ಕಾರ್ಬೊರೇಟರ್ ಸಿಂಕ್ ಮಾಡಿದ್ದೇನೆ, ಆದರೂ ಗೇರ್ ಹಾಕಿದರೆ ಎಂಜಿನ್ ಬಂದ್

ಶರಾವತಿ ದೋಣಿ:
ನಮಸ್ಕಾರ. ನಾನು ಹೊನ್ನಾವರದವನು. ಶರಾವತಿಯಲ್ಲಿ ಪ್ರವಾಸಿಗರನ್ನು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆ ಸುತ್ತಾಡಿಸುತ್ತೇನೆ. ನನ್ನದು ಹಳೆಯ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಕೂರಿಸುವ ಎಂಜಿನ್), 60 ಎಚ್‌ಪಿ, ಫೋರ್ ಸ್ಟ್ರೋಕ್. ನಾಲ್ಕು ಸಿಲಿಂಡರ್, ಅವಕ್ಕೆ ಪೆಟ್ರೋಲ್ ಗಾಳಿ ಬೆರೆಸಿ ಕೊಡುವ ನಾಲ್ಕು ಕಾರ್ಬೊರೇಟರ್. ಮಳೆಗಾಲ ಪೂರ್ತಿ ಶೆಡ್‌ನಲ್ಲಿತ್ತು.

ಈಗ ಹೊರಗೆ ತೆಗೆದ ಮೇಲೆ ಐಡ್ಲಿಂಗ್‌ನಲ್ಲಿ ಗಡಗಡ ನಡುಗುತ್ತದೆ. ಗೇರ್ ಹಾಕಿದ ಕೂಡಲೇ ಬಂದ್. ಆದರೆ ಫುಲ್ ಆಕ್ಸಿಲರೇಟರ್ ಕೊಟ್ಟರೆ ಚೆನ್ನಾಗಿಯೇ ಓಡುತ್ತದೆ! ಬೈಕ್ ಮೆಕ್ಯಾನಿಕ್ ಒಬ್ಬರಿಂದ ನಾಲ್ಕು ಮುಳ್ಳಿನ ವ್ಯಾಕ್ಯೂಮ್ ಗೇಜ್ ತಂದು, ನಾಲ್ಕೂ ಮುಳ್ಳು ಒಂದೇ ಕಡೆ ನಿಲ್ಲುವ ಹಾಗೆ ಸಿಂಕ್ ಮಾಡಿದೆ, ಅಂದರೆ ನಾಲ್ಕಕ್ಕೂ ಒಂದೇ ಸಮ ಗಾಳಿ ಹೋಗುವ ಹಾಗೆ ಹೊಂದಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಕೊನೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸಿಟ್ಟಿದ್ದೇನೆ. ಈಗ ನಿಲ್ಲುವುದಿಲ್ಲ, ಆದರೆ ಗೇರ್ ಬೀಳುವಾಗ ಢಂ ಅನ್ನುತ್ತದೆ.

ಮೊನ್ನೆ ಇಳಿತದ ಹೊತ್ತಿಗೆ ಅಳಿವೆ ಹತ್ತಿರ ನಿಂತೇ ಹೋಯಿತು. ಬೋಟಿನಲ್ಲಿ ಎಂಟು ಜನ. ಲಂಗರು ಹಾಕಿ ಕೂತೆವು. ಒಬ್ಬ ಹುಡುಗ ವಿಡಿಯೋ ಮಾಡುತ್ತಲೇ ಇದ್ದ. ಸಿಂಕ್ ಮಾಡುವುದರಲ್ಲಿ ನಾನೇನು ತಪ್ಪು ಮಾಡಿದೆ?

ಹಳೇ ಸ್ಪ್ಯಾನರ್:
ತಪ್ಪು ಸಿಂಕ್‌ನಲ್ಲಿ ಇರಲಿಕ್ಕಿಲ್ಲ ಅಣ್ಣಾ. ಆ ಗೇಜ್ ಅಳೆಯುವುದು ಗಾಳಿಯನ್ನು, ಪೆಟ್ರೋಲನ್ನಲ್ಲ. ಒಂದು ಸಿಲಿಂಡರ್‌ಗೆ ಪೆಟ್ರೋಲೇ ಹೋಗದಿದ್ದರೂ ಅದರ ಪಿಸ್ಟನ್ ಗಾಳಿ ಎಳೆಯುತ್ತಲೇ ಇರುತ್ತದೆ, ಮುಳ್ಳು ಹೆಚ್ಚುಕಡಿಮೆ ಸರಿಯಾಗಿಯೇ ನಿಲ್ಲುತ್ತದೆ. ನಾನು ಗಲ್ಫ್‌ನಲ್ಲಿ ಬೋಟ್ ಯಾರ್ಡಿನಲ್ಲಿದ್ದಾಗ ಇದೇ ಗೇಜ್ ನಂಬಿ ಎರಡು ದಿನ ಹಾಳು ಮಾಡಿಕೊಂಡಿದ್ದೆ.

ಮೊದಲು ಯಾವ ಸಿಲಿಂಡರ್ ಮಲಗಿದೆ ನೋಡಿ. ಎಂಜಿನ್ ನಿಲ್ಲಿಸಿ ಒಂದು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ತೆಗೆಯಿರಿ. ಕ್ಯಾಪ್‌ಗೆ ಬೇರೆ ಪ್ಲಗ್ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿ ಅರ್ಥ್ ಆಗುವ ಹಾಗೆ ಕಟ್ಟಿ. ಸುಮ್ನೆ ಗಾಳಿಯಲ್ಲಿ ನೇತಾಡಲು ಬಿಟ್ಟರೆ ಸಿಡಿಐ (ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ) ಸುಟ್ಟೀತು. ಆಮೇಲೆ ಸ್ಟಾರ್ಟ್ ಮಾಡಿ. ಯಾವ ಕ್ಯಾಪ್ ತೆಗೆದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಡ್ರಮ್ಮಿನಲ್ಲಿ ನೀರು ತುಂಬಿ ಅಥವಾ ಪೈಪಿನಲ್ಲಿ ನೀರು ಕೊಟ್ಟೇ ಓಡಿಸಿ. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಪಂಪಿನ ಇಂಪೆಲ್ಲರ್ ಸುಟ್ಟುಹೋಗುತ್ತದೆ.

ಮತ್ತೆ ಆ ಐಡ್ಲಿಂಗ್ ಸ್ಕ್ರೂ ಇವತ್ತೇ ಹಿಂದಕ್ಕೆ ತನ್ನಿ ಮಾರಾಯ್ರೆ. ಢಂ ಅನ್ನುವುದು ಗೇರ್ ಬಾಕ್ಸಿನ ಡಾಗ್ ಕ್ಲಚ್, ಗೇರ್ ಹಾಕಿದಾಗ ಹಲ್ಲಿಗೆ ಹಲ್ಲು ಕಚ್ಚುವ ಭಾಗ. ಅದರ ಮೂಲೆ ಸವೆದರೆ ಖರ್ಚು ಕಾರ್ಬೊರೇಟರಿನದಲ್ಲ, ಕೆಳಗಿನ ಗೇರ್ ಕೇಸಿನದು.

ಮಲ್ಪೆ ಟೂ ಸ್ಟ್ರೋಕ್:
ನಮ್ಮದು ಮೂರು ಕಾರ್ಬೊರೇಟರಿನ ಟೂ ಸ್ಟ್ರೋಕ್. ಗೇಜ್ ಗೀಜ್ ಏನೂ ಇಲ್ಲ. ಐಡ್ಲಿಂಗ್ ಸ್ಕ್ರೂ ಪೂರ್ತಿ ಸಡಿಲ ಮಾಡಿ, ಲಿಂಕಿನ ಸ್ಕ್ರೂ ಬಿಚ್ಚಿ, ಮೂರೂ ಬಟರ್‌ಫ್ಲೈ (ಗಾಳಿ ದಾರಿ ತೆರೆದು ಮುಚ್ಚುವ ತಟ್ಟೆ) ಪೂರ್ತಿ ಮುಚ್ಚಿದ ಮೇಲೆ ಬಿಗಿ ಮಾಡುತ್ತೇವೆ. ಆಮೇಲೆ ಬೆರಳಿನಿಂದ ಎತ್ತಿ ಟಾರ್ಚ್ ಹಿಡಿದು ನೋಡುವುದು. ಮೂರೂ ಒಟ್ಟಿಗೇ ಏಳಬೇಕು. ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಕಟ್ಟಿಕೊಂಡರೆ ನಮಗೆ ಭಯ ಜಾಸ್ತಿ. ಆಯಿಲ್ ಪೆಟ್ರೋಲಿನ ಜೊತೆಗೇ ಹೋಗುವುದಲ್ವಾ, ಪೆಟ್ರೋಲ್ ಕಡಿಮೆಯಾದ ಸಿಲಿಂಡರ್ ಸ್ಪೀಡಿನಲ್ಲಿ ಜಾಮ್ ಆಗುತ್ತದೆ.

ಶರಾವತಿ ದೋಣಿ:
ಸಿಕ್ಕಿತು! ಮೂರನೆಯ ಸಿಲಿಂಡರ್. ಕ್ಯಾಪ್ ತೆಗೆದರೂ ಹಾಕಿದರೂ ಒಂದೇ ಸದ್ದು. ಕಂಪ್ರೆಷನ್ ನಾಲ್ಕರಲ್ಲೂ ಸರಿಯಿದೆ. ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿದರೆ ತಳದಲ್ಲಿ ಅಂಟು ಅಂಟು ಪಾಚಿ ಬಣ್ಣ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್‌ನ ತೂತಿನಲ್ಲಿ ಬೆಳಕೇ ಕಾಣುತ್ತಿಲ್ಲ. ಸೂಜಿ ಹಾಕಲಾ?

ಹಳೇ ಸ್ಪ್ಯಾನರ್:
ಬೇಡವೇ ಬೇಡ. ಜೆಟ್ ಹಿತ್ತಾಳೆಯದು, ಉಕ್ಕಿನ ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಗಾಳಿ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ವಯರಿನೊಳಗಿನ ತಾಮ್ರದ ಒಂದು ಎಳೆ ಸಾಕು. ಬಟರ್‌ಫ್ಲೈ ಪಕ್ಕದಲ್ಲಿ ಎರಡು ಮೂರು ಸಣ್ಣ ತೂತು ಇರುತ್ತವೆ, ಅವನ್ನು ಮರೆಯಬೇಡಿ. ಪೈಲಟ್ ಸ್ಕ್ರೂ (ಐಡ್ಲಿಂಗ್ ಮಿಶ್ರಣದ ಹದ ಮಾಡುವುದು) ಬಿಚ್ಚುವ ಮೊದಲು ನಿಧಾನಕ್ಕೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಬರೆದಿಟ್ಟುಕೊಳ್ಳಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ.

ಫುಲ್ ಸ್ಪೀಡಿಗೆ ಮೇನ್ ಜೆಟ್ ದಾರಿ ಬೇರೆ. ಅದಕ್ಕೇ ಅಲ್ಲಿ ಚೆನ್ನಾಗಿ ಓಡುತ್ತಿತ್ತು. ಒಂದು ಕಟ್ಟಿದೆ ಅಂದರೆ ಉಳಿದ ಮೂರೂ ಬಿಚ್ಚಿ. ವಾಲ್ವ್ ಗ್ಯಾಪ್ ಕೂಡ ನೋಡಿ. ಇದೆಲ್ಲ ಆಗಿ ಎಂಜಿನ್ ಬಿಸಿಯಾದ ಮೇಲೆ ಕೊನೆಗೆ ಗೇಜ್. ಮುಂದಿನ ಮಳೆಗಾಲಕ್ಕೆ ಶೆಡ್ಡಿಗೆ ಹಾಕುವ ಮುಂಚೆ ಪೆಟ್ರೋಲ್ ಪೈಪ್ ಕಿತ್ತು, ತಾನಾಗಿ ನಿಲ್ಲುವವರೆಗೆ ಓಡಿಸಿ, ಬೌಲ್‌ಗಳ ಡ್ರೇನ್ ಸ್ಕ್ರೂ ಬಿಚ್ಚಿಬಿಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20 ಶೇಕಡಾ ಬರುತ್ತದೆ. ಅದು ನೀರು ಹೀರುತ್ತದೆ. ನಮ್ಮ ಕರಾವಳಿಯ ಜುಲೈ ಗಾಳಿಯಲ್ಲಿ ನೀರಿಗೇನು ಬರವೇ?

ಶರಾವತಿ ದೋಣಿ:
ನಾಲ್ಕೂ ಬಿಚ್ಚಿ ತೊಳೆದೆ. ಎರಡನೆಯದರಲ್ಲೂ ಅರ್ಧ ಕಟ್ಟಿತ್ತು. ಗೇಜ್ ಹಾಕಿದರೆ ತಿದ್ದಲಿಕ್ಕೆ ಇದ್ದದ್ದು ಕಾಲು ಸುತ್ತು ಮಾತ್ರ. ಐಡ್ಲಿಂಗ್ ಸ್ಕ್ರೂ ಮೊದಲಿನ ಜಾಗಕ್ಕೆ ತಂದಿದ್ದೇನೆ, ಗೇರ್ ಈಗ ಟಕ್ ಅಂತಷ್ಟೇ ಬೀಳುತ್ತದೆ. ಭಾನುವಾರ ಗಿರಾಕಿಗಳಿದ್ದಾರೆ. ಅದಕ್ಕೆ ಮೊದಲು ಒಂದು ದಿನ ಇಳಿತ ನೋಡಿಕೊಂಡು ಖಾಲಿ ಬೋಟಿನಲ್ಲಿ ಅಳಿವೆವರೆಗೆ ಹೋಗಿ ಬರುತ್ತೇನೆ. ಹುಟ್ಟು ಜೊತೆಗಿರುತ್ತದೆ.