ಅಪ್‌ಡೇಟ್: ಅಕ್ರೋಟಿನ ಕಮಟು ವಾಸನೆ, ಕೊನೆಗೆ ಆಗಿದ್ದಿಷ್ಟು

ಎರಡು ವಾರದ ಹಿಂದೆ ಕೇಳಿದ್ದೆ: ಒಲೆ ಪಕ್ಕದ ಗಾಜಿನ ಡಬ್ಬಿಯಲ್ಲಿಟ್ಟ ಅಕ್ರೋಟು ಬಣ್ಣದ ಡಬ್ಬ ತೆರೆದ ಹಾಗೆ ವಾಸನೆ ಬರ್ತಿದೆ, ತಿನ್ನಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಹುರಿದು ನೋಡಿದೆ. ಗರಿಗರಿಯಾಯ್ತು, ಆದರೆ ನಾಲಿಗೆಯ ಹಿಂದೆ ಅದೇ ಕಮಟು. ಎಣ್ಣೆಯಂಶವೇ ಕೆಟ್ಟ ಮೇಲೆ ಹುರಿದರೂ ಸರಿಹೋಗಲ್ಲ. ಬಿಸಿಲಿಗೆ ಹಾಕಿದ ಹಿಡಿಯಷ್ಟು ಇನ್ನೂ ಹಾಳಾಯ್ತು. ಬೆಳಕು, ಶಾಖ, ಗಾಳಿ ಮೂರೂ ಎಣ್ಣೆಗೆ ಶತ್ರು.

ಕೆಲಸಕ್ಕೆ ಬಂದಿದ್ದು "ಮುರಿದು ಮೂಸಿ ನೋಡಿ" ಅನ್ನೋ ಸಲಹೆ. ಒಂದೊಂದನ್ನೇ ಮುರಿದೆ. ಚೆನ್ನಾಗಿದ್ದದ್ದರ ಒಳಗೆ ಕೆನೆಬಿಳಿ, ಕೆಟ್ಟದ್ದರಲ್ಲಿ ಹಳದಿ, ಅಂಚು ಎಣ್ಣೆಕಾಗದದ ಹಾಗೆ ಮಿಣಮಿಣ. ಬರೀ ಒಗರು ನಂಬಬೇಡಿ, ಅಕ್ರೋಟಿನ ಸಿಪ್ಪೆಗೆ ಹುಟ್ಟಿನಿಂದಲೇ ಸ್ವಲ್ಪ ಒಗರಿದೆ. ಇದು ನನಗೆ ಗೊತ್ತೇ ಇರಲಿಲ್ಲ! ಅಕ್ರೋಟು ಬೀಜದ ತೂಕದಲ್ಲಿ ಸುಮಾರು 65% ಕೊಬ್ಬು, ಅದರಲ್ಲೂ ಬೇಗ ಕೆಡುವ ಜಾತಿಯದೇ ಹೆಚ್ಚು. ಬಾದಾಮಿಯಲ್ಲಿ ಆ ಜಾತಿ ಕಡಿಮೆ, ಅದಕ್ಕೇ ಪಕ್ಕದ ಡಬ್ಬಿಯ ಬಾದಾಮಿ ಚೆನ್ನಾಗೇ ಇತ್ತು.

ಮೂರು ಬೀಜಗಳಲ್ಲಿ ಹಸಿರು ಬೂಷ್ಟು ಕಂಡಿತು, ಆಮೇಲೆ ಆರಿಸೋಕೆ ಹೋಗದೆ ಇಡೀ ಡಬ್ಬಿ ಎಸೆದೆ. ಬೂಷ್ಟಿನಿಂದ ಬರಬಹುದಾದ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗಲ್ಲ, ದಯವಿಟ್ಟು ಉಳಿಸಿಕೊಳ್ಳಬೇಡಿ.

ಈಗ ಹೊಸದಾಗಿ ತಂದಿದ್ದನ್ನ ಗಾಳಿಯಾಡದ ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿದ್ದೀನಿ, ತಿಂಗಳಿಗಾಗುವಷ್ಟು ಮಾತ್ರ ಫ್ರಿಜ್‌ನಲ್ಲಿ. ಫ್ರೀಜರ್‌ನಿಂದ ತೆಗೆದ ಡಬ್ಬಿಯನ್ನ ತಕ್ಷಣ ತೆರೆಯಬೇಡಿ. ಮೊದಲ ಸಲ ತೆರೆದುಬಿಟ್ಟೆ, ಬೀಜದ ಮೇಲೆಲ್ಲ ನೀರಿನ ಹನಿ ಕೂತಿತ್ತು. ಚಳಿ ಪೂರ್ತಿ ಬಿಟ್ಟ ಮೇಲೆ ಮುಚ್ಚಳ ತೆಗೀರಿ.