ದೊಡ್ಡವ್ವನ ವಾಯ್ಸ್ ಮೆಸೇಜ್: ಆ ಕಾರ್ಡಿನ ಓಟಿಪಿ ಒತ್ತಬ್ಯಾಡ

ಹಲೋ, ಕೇಳಸ್ತೈತೇನು? ಹ್ಞಾಂ. ನಮ್ಮ ಸಣ್ಣಾಕಿ ಮುಂಜಾನಿ ಗ್ರೂಪಿನಾಗ ಹಾಕಿದ್ದು ಈಗ ನೋಡಿದೆ. ಟ್ರಾವೆಲ್ ಕ್ರೆಡಿಟ್ ಕಾರ್ಡ್ ಮನಿಗೆ ಬಂದು ತಿಂಗಳ ಮ್ಯಾಲೆ ಆತು, ವರ್ಷಕ್ಕ ಹತ್ತು ಸಾವಿರ ಫೀ, ಇನ್ನೂ ಚಾಲೂ ಮಾಡಿಲ್ಲ, ಈಗ ಓಟಿಪಿ ಹಾಕು ಅಂತ ಬ್ಯಾಂಕಿನ ಮೆಸೇಜ್ ಬಂದೈತಿ, ಮನಿಯವ್ರು ಇರಲಿ ತಗೋ ಅಂತಾರ, ನನಗ ಹೆದರಿಕಿ ಆಗೇತಿ ಅಂತ ಬರದಿ. ಟೈಪ್ ಮಾಡಾಕ ಹೋದ್ರ ನನ್ನ ಕಣ್ಣಾಗ ನೀರು ಬರ್ತಾವ, ಅದಕ್ಕ ಮಾತಾಡೇ ಹೇಳ್ತೀನಿ. ಪೂರಾ ಕೇಳವಾ, ನಡುವ ಬಂದ್ ಮಾಡಬ್ಯಾಡ.

ನಿಮ್ಮ ಬ್ಯಾಡಗಿ ಮಾಮಾಂದು ನೆನಪೈತಿಲ್ಲೋ? ಅಂವನೂ ಈ ಗ್ರೂಪಿನಾಗ ಅದಾನ, ಕೇಳಲಿ. ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಾಗ ಕೈಯಾಗ ಲಕ್ಷಗಟ್ಟಲೆ ಆಡತೈತಿ, ಆದ್ರ ಅದು ಅವನ ರೊಕ್ಕಲ್ಲ, ರೈತರ ರೊಕ್ಕ. ಖಾತೆದಾಗ ಓಡಾಡೋ ಆ ರೊಕ್ಕಾ ನೋಡಿ ಒಂದು ಬ್ಯಾಂಕಿನವರು ಮನಿಗೇ ಬಂದು ಇಂಥಾದ್ದೇ ದೊಡ್ಡ ಕಾರ್ಡ್ ಕೊಟ್ಟು ಹೋದ್ರು. ಕಾರ್ಡಿನಾಗ ಖರ್ಚು ಮಾಡಿದ್ದಕ್ಕ ಬರೂ ಪಾಯಿಂಟ್ ಕೂಡಸಿ, ಅದರಾಗ ಟಿಕೆಟ್ ತಗದು ಅವ್ವನ್ನ ವಿಮಾನದಾಗ ಕಾಶಿಗೆ ಕರಕೊಂಡು ಹೊಕ್ಕೀನಿ ಅಂದ. ಆಸೆ ಛಲೋನ ಇತ್ತು. ಚೀಲ, ತಾಡಪತ್ರಿ, ಲಾರಿ ಡೀಸೆಲ್, ಮನಿ ಕಿರಾಣಿ, ಎಲ್ಲಾ ಅದರ ಮ್ಯಾಲೇ. ಡೀಸೆಲ್‌ಗೆ ಪಾಯಿಂಟ್ ಬರೂದಿಲ್ಲ ಅನ್ನೂದು ಆಮ್ಯಾಲೆ ತಿಳೀತು.

ಆ ವರ್ಷ ಧಾರಣಿ ಬಿತ್ತು. ಮಾಲು ಕೋಲ್ಡ್ ಸ್ಟೋರೇಜಿನಾಗ ಕುಂತುಬಿಟ್ಟಿತು, ಕೈಯಾಗ ರೊಕ್ಕಿಲ್ಲ. ಬಿಲ್ ಮ್ಯಾಲೆ 'ಮಿನಿಮಮ್ ಡ್ಯೂ', ಅಂದ್ರ ಈ ತಿಂಗಳ ಕಡಿಮಿ ಅಂದ್ರೂ ಇಷ್ಟು ಕಟ್ಟು ಅಂತ ಒಂದು ಸಣ್ಣ ಆಂಕಿ ಇರತೈತಲಾ, ಅಷ್ಟ ಕಟ್ಟಕೋತ ಬಂದ. ಕಟ್ಟೀನಲಾ ಅಕ್ಕಾ ಅಂತಿದ್ದ. ನಾ ಸೊಸೈಟಿಯೊಳಗ ಜೀವಮಾನಪೂರ್ತಿ ಲೆಕ್ಕ ಬರದಾಕಿ, ಬಿಲ್ ತರಿಸಿ ನೋಡಿದೆ. ತಿಂಗಳಿಗೆ ಮೂರೂವರಿ ಪರ್ಸೆಂಟ್ ಬಡ್ಡಿ! ಒಂದು ಲಕ್ಷ ಬಾಕಿ ಇದ್ರ ತಿಂಗಳಿಗೆ 3,500, ಅದರ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ 630, ಒಟ್ಟ 4,130. ಅಸಲು ಎಲ್ಲಿತ್ತೋ ಅಲ್ಲೇ. ಇನ್ನೊಂದು ಮಾತು ಯಾರೂ ಹೇಳೂದಿಲ್ಲ: ಒಮ್ಮೆ ಪೂರಾ ಕಟ್ಟದೇ ಬಾಕಿ ಉಳಿಸಿದ್ರ, ಹೊಸದಾಗಿ ಏನು ತಗೊಂಡ್ರೂ ತಗೊಂಡ ದಿನದಿಂದನ ಬಡ್ಡಿ ಓಡತೈತಿ. ಬಡ್ಡಿ ಇಲ್ಲದ ಆ ನಲವತ್ತೈದು ಐವತ್ತು ದಿನದ ಸವಲತ್ತು ಹೋಗೇಬಿಡತೈತಿ.

ಅದಕ್ಕ ಹೇಳ್ತೀನಿ, ಪ್ರತಿ ತಿಂಗಳ ಬಿಲ್ ಪೂರಾ ಕಟ್ಟಾಕ ಆಗದವ್ರು ಆ ಕಾರ್ಡ್ ಮುಟ್ಟಬಾರದು. ಮಿನಿಮಮ್ ಕಟ್ಟಿದ್ರ ಸಾಕು ಅಂತ ಯಾರ ಹೇಳಲಿ, ನಂಬಬ್ಯಾಡ.

ಕಡೀಕೆ ಏನಾತು? ಕೂಡಸಿದ ಪಾಯಿಂಟಿನ ಕಿಮ್ಮತ್ತು ಬ್ಯಾಂಕಿನವರು ನಡುವ ಇಳಿಸಿದ್ರು. ಉಳಿದದ್ದರಾಗ ಒಂದು ಕಡೆಯ ಟಿಕೆಟ್ಟೂ ಆಗಲಿಲ್ಲ. ಬಾಕಿ ತೀರಿಸಾಕ ನನ್ನ ಎಫ್‌ಡಿ ಮುರಿದು ಕೊಟ್ಟೆ. ತಮ್ಮ, ಕೊಡಬೇಕು, ಕೊಟ್ಟೆ. ಅಂವ ವಾಪಸ್ಸೂ ಕೊಟ್ಟಾನ, ಅದರ ಬಗ್ಗೆ ಮಾತಿಲ್ಲ. ಆದ್ರ ಮುಂದ ಅವ್ವನ್ನ ಕರಕೊಂಡು ರೈಲಿನಾಗ ಕಾಶಿಗೆ ಹೋದ್ರಲಾ, ನನಗ ಒಂದು ಮಾತು ಹೇಳಿದ್ರೇನು? ಫೋಟೋ ಈ ಗ್ರೂಪಿನಾಗ ನೋಡಿ ತಿಳಕೊಂಡೆ. ನಾನೂ ಅವ್ವನ ಮಗಳ ಅಲ್ಲೇನು? ಅಕ್ಕಗ ಮೊಣಕಾಲು ನೋವೈತಿ, ಆಕಿಗೆ ಆಗೂದಿಲ್ಲ ಅಂತ ತಾವ ತೀರ್ಮಾನ ಮಾಡಿದ್ರಂತ. ಬಂದ ಮ್ಯಾಲೆ ಗಂಗಾಜಲದ ಗಿಂಡಿ ಹಾವೇರಿಗೆ ಹೋತು, ಗದಗಿಗೆ ಹೋತು, ಧಾರವಾಡಕ್ಕ ಬರಲಿಲ್ಲ. ನಾ ಕೇಳಲೂ ಇಲ್ಲ. ಇವತ್ತು ಮಾತು ಬಂತು, ಅಂದೆ. ಅವ್ವ ಗಟ್ಟಿ ಇದ್ದಾಗನ ಎಲ್ಲಾರೂ ಒಮ್ಮೆ ಕೂಡಿ ಹೋಗೂಣು ಅಂತ ನಾ ಎಷ್ಟು ದಿನದಿಂದ ಬಡಕೊಳ್ಳಾಕತ್ತೀನಿ.

ಇರಲಿ. ಏನ ಹೇಳಾಕ ಹೊಂಟಿದ್ದೆ? ಹ್ಞಾಂ, ಕಾರ್ಡ್. ಮತ್ತೊಮ್ಮೆ ಹೇಳ್ತೀನಿ, ಮಿನಿಮಮ್ ಡ್ಯೂ ನಂಬಬ್ಯಾಡ, ಪೂರಾ ಕಟ್ಟೂ ತಾಕತ್ತಿಲ್ಲಂದ್ರ ಮುಟ್ಟಬ್ಯಾಡ. ನಿಮ್ಮ ಮನಿ ಸಾಲದ ಕಂತು ಇನ್ನೂ ನಡದೈತಿ.

ಅಯ್ಯ, ಮುಖ್ಯ ಮಾತ ಮರತಿದ್ದೆ ನೋಡು. ನೀ ಚಾಲೂ ಮಾಡಿಲ್ಲ ಅಂದ್ಯಲಾ? ಹಂಗಾದ್ರ ಹೆದರೂ ಕಾರಣಿಲ್ಲ. ಕಾರ್ಡ್ ಕೊಟ್ಟು 30 ದಿನ ಆದ್ರೂ ಚಾಲೂ ಆಗಲಿಲ್ಲಂದ್ರ ಬ್ಯಾಂಕಿನವರು ಓಟಿಪಿ ಮೂಲಕ ನಿನ್ನ ಒಪ್ಪಿಗಿ ಕೇಳಬೇಕು, ನೀ ಒಪ್ಪಲಿಲ್ಲಂದ್ರ ಏಳು ಕೆಲಸದ ದಿನದಾಗ ಖರ್ಚಿಲ್ಲದ ಮುಚ್ಚಬೇಕು ಅಂತ ರಿಸರ್ವ್ ಬ್ಯಾಂಕ್ 2022ರಾಗ ನಿಯಮ ಮಾಡೇತಿ. ಅದ ಮೆಸೇಜ್ ನಿನಗ ಬಂದಿರೂದು. ಒತ್ತಬ್ಯಾಡ. ಫೋನ್ ಮಾಡಿ ಓಟಿಪಿ ಹೇಳ್ರಿ ಅಂದ್ರ ಯಾರಿಗೂ ಹೇಳಬ್ಯಾಡ, ಅಂಥಾವ್ರಾಗ ಕಳ್ಳರೂ ಇರ್ತಾರ. ಬ್ಯಾಂಕಿಗೆ ನೀನೂ ಒಂದು ಇಮೇಲ್ ಹಾಕಿ ಇಡು, ಕಾರ್ಡ್ ಬ್ಯಾಡ, ಮುಚ್ಚರಿ ಅಂತ.

ಅಳಿಯಂದ್ರ ತಲ್ಯಾಗ ಇನ್ನೂ ಆಸೆ ಇದ್ರ ಅವರ ಮುಂದ ಕುಂತು ಲೆಕ್ಕ ಹಾಕು. ಹತ್ತು ಸಾವಿರ ಅಂದ್ರ ಜಿಎಸ್‌ಟಿ ಸೇರಿ 11,800. ವಿಮಾನ ನಿಲ್ದಾಣದಾಗ ಕುಂದ್ರೂ ಲೌಂಜ್ ಪುಕಟ ಅಂತಾರ, ಆದ್ರ ಮೂರು ತಿಂಗಳಿಗೆ ಇಷ್ಟು ಖರ್ಚು ಮಾಡಿದ್ರ ಮಾತ್ರ ಅಂತ ಭಾಳ ಕಾರ್ಡಿನಾಗ ಷರತ್ತು ಐತಿ. ನೀವು ಬೆಂಗಳೂರಿಗೆ ಹೋಗೂದು ವಂದೇ ಭಾರತದಾಗ. ವಿಮಾನದ ಲೌಂಜ್ ತಗೊಂಡು ಏನ ಮಾಡೂದು? ನಮ್ಮ ಪುಣೆದ ಅಳಿಯಗ ಅಂಥಾ ಕಾರ್ಡ್ ಒಪ್ಪತೈತಿ. ಅಂವ ಕಂಪನಿ ಕೆಲಸಕ್ಕ ಸದಾ ವಿಮಾನ ಹತ್ತಾಂವ, ಟಿಕೆಟಿನ ರೊಕ್ಕ ಕಂಪನಿ ತಿರುಗಿ ಕೊಡತೈತಿ, ಬಿಲ್ ಪೂರಾ ಕಟ್ಟತಾನ.

ಕಾರ್ಡ್ ಮುಚ್ಚಿದ್ದಕ್ಕ ಬ್ಯಾಂಕಿನಿಂದ ಉತ್ತರ ಬಂದ ಮ್ಯಾಲೆ ಸಿಬಿಲ್ ರಿಪೋರ್ಟ್, ಅಂದ್ರ ನಿನ್ನ ಹೆಸರಿನ ಸಾಲದ ಲೆಕ್ಕ ತೋರಸೂ ಕಾಗದ, ತಗದು ನೋಡು, ವರ್ಷಕ್ಕೊಂದು ಪುಕಟ ಸಿಗತೈತಿ. ಅದರಾಗ ಈ ಕಾರ್ಡಿನ ಹೆಸರಿನ ಮ್ಯಾಲೆ ಏನರ ಬಾಕಿ ತೋರಿಸಿದ್ರ ನನಗ ಫೋನ್ ಮಾಡು, ಸಂಜಿ ಐದರ ಮ್ಯಾಲೆ ಮನ್ಯಾಗ ಇರ್ತೀನಿ.