ಕಾರು ಹತ್ತುವ ಬೆಟ್ಟಕ್ಕೆ ಕಾಲ್ನಡಿಗೆ

"ಕುಂದಾದ್ರಿಗೆ ಟ್ರೆಕ್ಕಿಂಗ್ ಅಂತೀರಲ್ಲ ಮಾರಾಯ್ರೆ, ನೆತ್ತಿವರೆಗೂ ರಸ್ತೆ ಇದೆ!" ಆಗುಂಬೆ ಹತ್ತಿರದ ಗುಡ್ಡೇಕೇರಿಯಲ್ಲೇ ಭಟ್ರು ತಕರಾರು ತೆಗೆದರು.

"ಜೈನ ಮುನಿ ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಬೆಟ್ಟ ಅಂತಾರೆ. ಅವರೇನು ಕಾರಲ್ಲಿ ಬಂದಿದ್ರಾ?" ಅಂದರು ಮೇಷ್ಟ್ರು.

"ಅವರಿಗೆ ಮಂಡಿನೋವು ಇತ್ತು ಅಂತ ಎಲ್ಲೂ ಬರೆದಿಲ್ಲ."

ನನ್ನನ್ನು ಕೇಳಿದರೆ ತಪ್ಪೆಲ್ಲ ರಸ್ತೆಯದೇ. ಬೆಟ್ಟದ ತುದಿಗೇ ಕಾರು ಹೋದ ಮೇಲೆ, ನಡೆದವನಿಗೆ ಜಂಬ ಕೊಚ್ಚಲು ಏನುಳಿಯುತ್ತೆ? ಆದರೂ ಮೇಷ್ಟ್ರ ಹಟವೇ ಗೆದ್ದಿತು. ಕಾರು ಬುಡದಲ್ಲೇ ಉಳಿಯಿತು.

ಮಳೆಗಾಲ ಆಗಷ್ಟೇ ಮುಗಿದಿತ್ತು. ಗೌಡ್ರು ಮಾತ್ರ ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ತಯಾರಾಗಿ ಬಂದಿದ್ದರು. ಒಂದು ಕೋಲು, ಅದರ ತುದಿಗೆ ಸುಣ್ಣ, ಹೊಗೆಸೊಪ್ಪು ಸೇರಿಸಿ ಕಟ್ಟಿದ ಬಟ್ಟೆಯ ಗಂಟು. ಬೆಂಗಳೂರಿನ ಗೆಳೆಯ ತನ್ನ ದುಬಾರಿ ಶೂ ತೋರಿಸಿ ನಕ್ಕ. ಸ್ವಲ್ಪ ಹೊತ್ತಿಗೆ ಕಾಲುಚೀಲ ಕೆಂಪಾಗಿತ್ತು.

"ಉಂಬಳ ಕಚ್ಚಿದ್ದೇ ಗೊತ್ತಾಗ್ಲಿಲ್ಲ!"

"ಗೊತ್ತಾಗೋ ಹಾಗೆ ಕಚ್ಚಿದ್ರೆ ಅದಕ್ಕೆ ಊಟ ಸಿಗುತ್ತಾ ಮಾರಾಯ?" ಗೌಡ್ರು ಗಂಟು ತಾಗಿಸಿದರು. ಉಂಬಳ ಮುದುಡಿ ಉದುರಿತು. ರಕ್ತ ಮಾತ್ರ ನಿಲ್ಲಲಿಲ್ಲ.

"ಅದರ ಎಂಜಲಲ್ಲಿ ಹಿರುಡಿನ್ ಥರದ ಒಂದು ವಸ್ತು ಇರುತ್ತೆ. ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ" ಅಂತ ಮೇಷ್ಟ್ರು ಪಾಠ ಶುರು ಮಾಡಿದರು. ಪಾಠ ಮುಗಿಯುವಷ್ಟರಲ್ಲಿ ಅವರ ಪಂಚೆಯೊಳಗೂ ಎರಡು ಹತ್ತಿದ್ದವು. ಆಮೇಲೆ ಅವರು ಕುಣಿದ ಕುಣಿತಕ್ಕೆ ಚೆಂಡೆ ಮದ್ದಳೆ ಒಂದೇ ಕಡಿಮೆ.

ಮೇಲೆ ಬಂದರೆ ಕಪ್ಪು ಬಂಡೆ, ಪಾರ್ಶ್ವನಾಥ ಬಸದಿ, ಪಕ್ಕದಲ್ಲೇ ಕೊಳ. ಮಂಜು ಸರಿದಾಗ ನೀರಲ್ಲಿ ಬಸದಿ ಕಾಣುತ್ತಿತ್ತು. ಮಂಜು ಬಂದರೆ ನೀರೂ ಇಲ್ಲ, ಬಸದಿಯೂ ಇಲ್ಲ, ಭಟ್ರೂ ಇಲ್ಲ, ಅವರ ಏದುಸಿರು ಮಾತ್ರ.

ಬೆಂಗಳೂರಿನವನು ಅಂಗಿ ಬಿಚ್ಚತೊಡಗಿದ. "ಏಯ್, ಇದು ತೀರ್ಥದ ಕೊಳ, ನಿಮ್ಮ ಅಪಾರ್ಟ್‌ಮೆಂಟಿನ ಈಜುಕೊಳ ಅಲ್ಲ" ಅಂತ ಗೌಡ್ರು ಗದರಿದರು.

"ಬಂಡೆ ಮೇಲೆ ಇಷ್ಟು ನೀರು ಎಲ್ಲಿಂದ ಬಂತು?" ಅಂತ ಅವನು ಮಾತು ತಿರುಗಿಸಿದ.

"ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಇಲ್ಲಿ ಸುಮ್ನೆ ಬಾಯಿ ತೆರೆದು ಮಲಗಿದ್ರೂ ಹೊಟ್ಟೆ ತುಂಬುತ್ತೆ" ಅಂದರು ಮೇಷ್ಟ್ರು.

ಹೊಟ್ಟೆ ಅಂದದ್ದೇ ತಡ, ಭಟ್ರು ಬುತ್ತಿ ಬಿಚ್ಚಿದರು. ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ. ಐದು ನಿಮಿಷ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಅಷ್ಟರಲ್ಲಿ ಒಂದು ಕಾರು ಬಂತು. ಇಳಿದ ಹೆಂಗಸು ನಮ್ಮ ಅವತಾರ ನೋಡಿ ಮರುಗಿದರು. "ಅಯ್ಯೋ, ನಡ್ಕೊಂಡು ಬಂದ್ರಾ? ಕಾರು ಕೆಟ್ಟೋಯ್ತಾ?"

ಮೇಷ್ಟ್ರು ಟ್ರೆಕ್ಕಿಂಗಿನ ಮಹತ್ವ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲೇ ಭಟ್ರು, "ಹೌದಮ್ಮಾ, ದಾರೀಲೇ ಕೈ ಕೊಡ್ತು" ಅಂದುಬಿಟ್ಟರು.

ಇಳಿಯುವಾಗ ಅವರಿಗೆ ಮುಂದಿನ ಸೀಟೇ ಸಿಕ್ಕಿತು.